ಬಿಡಿಎಸ್ ಮುಗಿಸಿ ಅನಸ್ತೇಶಿಯಾ ಕಡೆ ಹೋಗಬೇಕೆಂದಿದ್ದರೆ

ನಾನು ಹುಬ್ಬಳ್ಳಿಯಲ್ಲಿ ಅರಿವಳಿಕೆ (ಅನಸ್ತೇಶಿಯಾ) ವೈದ್ಯೆ. ಎಂಬಿಬಿಎಸ್ ಆದಮೇಲೆ ಅನಸ್ತೇಶಿಯಾದಲ್ಲಿ ಎಂಡಿ ಮಾಡಿದವಳು. ಒಂದೇ ಆಸ್ಪತ್ರೆಯ ನೌಕರಿ ಇಲ್ಲ. ವಿದ್ಯಾನಗರ, ಕೇಶ್ವಾಪುರ, ಧಾರವಾಡ, ಒಮ್ಮೊಮ್ಮೆ ಗದಗ, ಹೀಗೆ ಸರ್ಜನ್ ಕರೆದ ಕಡೆ ಹೋಗುತ್ತೇನೆ. ನನ್ನ ಕೇಸ್‌ಗಳಲ್ಲಿ ಹಲ್ಲು, ದವಡೆ, ಸೀಳುತುಟಿ ಇವೇ ಜಾಸ್ತಿ. ಹಾಗಾಗಿ ಓಟಿಯಲ್ಲಿ (ಆಪರೇಷನ್ ಥಿಯೇಟರ್) ಪಕ್ಕಕ್ಕೆ ನಿಂತಿರುವ, ತರಬೇತಿಯಲ್ಲಿರುವ ಡೆಂಟಲ್ ಹೌಸ್ ಸರ್ಜನ್ ಹುಡುಗರು, ಹುಡುಗಿಯರು ಈ ಪ್ರಶ್ನೆ ಕೇಳುತ್ತಲೇ ಇರುತ್ತಾರೆ: "ಮೇಡಂ, ನಾವು ಡೆಂಟಿಸ್ಟ್ ಆಗಿದ್ದುಕೊಂಡ ಅನಸ್ತೇಶಿಯಾ ಮಾಡಬಹುದೇನ್ರಿ?"

ಮಾಡಬಹುದು. ಆದರೆ ನಮ್ಮ ದೇಶದಲ್ಲಿ ಅದಕ್ಕೆ ಕೋರ್ಸ್ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಇದು ಗೊತ್ತಿಲ್ಲದೆ ಎಷ್ಟೋ ಮಕ್ಕಳು ಎರಡು ಮೂರು ವರ್ಷ ಸುಮ್ನೆ ಕಾಯುತ್ತಾರೆ. ಭಾರತದಲ್ಲಿ ಎಂಡಿಎಸ್‌ಗೆ, ಅಂದರೆ ದಂತವೈದ್ಯ ಪದವಿ ಬಿಡಿಎಸ್ ಆದಮೇಲಿನ ಸ್ನಾತಕೋತ್ತರ ಓದಿಗೆ, ಒಂಬತ್ತು ವಿಭಾಗಗಳಿವೆ: ಕೃತಕ ಹಲ್ಲು, ವಸಡು, ಬಾಯಿ-ದವಡೆ ಶಸ್ತ್ರಚಿಕಿತ್ಸೆ, ರೂಟ್ ಕೆನಾಲ್, ಹಲ್ಲಿಗೆ ತಂತಿ ಹಾಕುವುದು, ಮಕ್ಕಳ ದಂತವೈದ್ಯ, ಓರಲ್ ಪೆಥಾಲಜಿ, ಓರಲ್ ಮೆಡಿಸಿನ್, ಸಾರ್ವಜನಿಕ ದಂತ ಆರೋಗ್ಯ. ಅನಸ್ತೇಶಿಯಾ ಈ ಪಟ್ಟಿಯಲ್ಲಿಲ್ಲ. ಎಂಡಿ ಅನಸ್ತೇಶಿಯಾ ಮಾಡಲು ಎಂಬಿಬಿಎಸ್ ಬೇಕೇ ಬೇಕು. ಬಿಡಿಎಸ್ ಮೇಲೆ ಆ ಸೀಟು ಸಿಗುವುದಿಲ್ಲ.

ಹಾಗಂತ ಈ ಆಸೆಯೇ ತಪ್ಪು ಅನ್ನುವವಳು ನಾನಲ್ಲ. ಅನಸ್ತೇಶಿಯಾ ಜಗತ್ತಿಗೆ ಗೊತ್ತಾದದ್ದೇ ದಂತವೈದ್ಯರಿಂದ. 1844ರ ಡಿಸೆಂಬರ್‌ನಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಊರಿನ ದಂತವೈದ್ಯ ಹೊರೇಸ್ ವೆಲ್ಸ್ ನಗೆ ಅನಿಲ (ನೈಟ್ರಸ್ ಆಕ್ಸೈಡ್) ಎಳೆದುಕೊಂಡು ತನ್ನದೇ ಹಲ್ಲು ಕೀಳಿಸಿಕೊಂಡ. 1846ರ ಅಕ್ಟೋಬರ್ 16ರಂದು ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಎಲ್ಲರೆದುರು ಈಥರ್ ಕೊಟ್ಟು ತೋರಿಸಿದ ವಿಲಿಯಂ ಮಾರ್ಟನ್ ಕೂಡ ದಂತವೈದ್ಯನೇ. ನಾವು ಎಂಡಿ ಮಾಡಿದವರು ಇವತ್ತಿಗೂ ಅವರು ಹಾಕಿದ ದಾರಿಯಲ್ಲೇ ನಡೆಯುತ್ತಿದ್ದೇವೆ.

ಈ ಕೆಲಸ ಯಾರಿಗೆ ಬೇಕು

ದಾರಿ ಹೇಳುವ ಮುಂಚೆ ಕೆಲಸ ಏನು ಅಂತ ನೋಡಿ. ಸಾಮಾನ್ಯ ಹಲ್ಲಿಗೆ ಬಾಯಿ ಜಡ ಮಾಡುವ ಇಂಜೆಕ್ಷನ್ ಸಾಕು, ಅದಕ್ಕೆ ನಾನು ಬೇಕಾಗಿಲ್ಲ. ನನ್ನನ್ನು ಕರೆಯುವುದು ಬೇರೆಯವರಿಗೆ. ಮೂರು ವರ್ಷದ ಮಗುವಿನ ಇಡೀ ಬಾಯಿ ಹುಳುಕು ಹಿಡಿದಿರುತ್ತದೆ. ಆಟಿಸಂ ಇರುವ ಹುಡುಗ ಬಾಯಿಗೆ ಕನ್ನಡಿ ಸಹ ಇಡಗೊಡುವುದಿಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಹುಡುಗಿಯ ಕುತ್ತಿಗೆ ನಿಲ್ಲುವುದಿಲ್ಲ. ಇಂಥವರಿಗೆ ಒಂದೇ ಸಲ ಪೂರ್ತಿ ಅರಿವಳಿಕೆ ಕೊಟ್ಟು ಎಲ್ಲ ಹಲ್ಲಿನ ಕೆಲಸ ಮುಗಿಸಬೇಕು.

ಇನ್ನೊಂದು ನಮ್ಮ ಕಡೆಯದೇ ಕಾಯಿಲೆ. ಗುಟ್ಕಾ, ಅಡಿಕೆ ಹಾಕಿ ಹಾಕಿ ಬಾಯಿಯ ಒಳಚರ್ಮ ಬಿಗಿದು ಬಾಯಿ ತೆರೆಯದ ಸ್ಥಿತಿ. ಡೆಂಟಲ್ ಓದಿದವರಿಗೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂದರೆ ಗೊತ್ತು. ಹಾವೇರಿ, ಗದಗ ಕಡೆಯ ಇಪ್ಪತ್ತೈದು ವರ್ಷದ ಹುಡುಗರು ಬರುತ್ತಾರೆ. "ಬಾಯಿ ತೆಗಿ ಅಪ್ಪಾ" ಅಂದರೆ ಒಂದು ಬೆರಳು ಕೂಡ ಒಳಗೆ ಹೋಗುವುದಿಲ್ಲ. ಮೂರು ಬೆರಳು ಹೋದರೆ ನನಗೆ ನೆಮ್ಮದಿ. ಒಂದೇ ಬೆರಳಾದರೆ ಮಾಮೂಲಿ ರೀತಿಯಲ್ಲಿ ಶ್ವಾಸನಾಳಕ್ಕೆ ಉಸಿರಾಟದ ಟ್ಯೂಬ್ ಹಾಕಲು ಆಗುವುದಿಲ್ಲ. ರೋಗಿ ಎಚ್ಚರ ಇರುವಾಗಲೇ ಮೂಗು, ಗಂಟಲು ಜಡ ಮಾಡಿ, ಫೈಬರಾಪ್ಟಿಕ್ ಸ್ಕೋಪಿನಿಂದ ದಾರಿ ನೋಡುತ್ತಾ ಟ್ಯೂಬ್ ಇಳಿಸಬೇಕು. ಈ ಕೇಸ್‌ನಲ್ಲಿ ಬಾಯಿ ಎಷ್ಟು ತೆರೆಯುತ್ತದೆ, ನಾಲಿಗೆ ಎಲ್ಲಿದೆ, ಯಾವ ಹಲ್ಲು ಅಲ್ಲಾಡುತ್ತದೆ ಅನ್ನುವುದು ದಂತವೈದ್ಯರಿಗೆ ನಮಗಿಂತ ಬೇಗ ಕಾಣುತ್ತದೆ. ನಿಮ್ಮ ಓದು ಇಲ್ಲಿ ಕೆಲಸಕ್ಕೆ ಬರುತ್ತದೆ. ನಿಮ್ಮವರು ಈ ಕ್ಷೇತ್ರಕ್ಕೆ ಬರಬೇಕು ಅಂತ ನಾನು ಹೇಳುವುದಕ್ಕೆ ಇದೇ ಕಾರಣ.

ಹೌಸ್ ಸರ್ಜನ್ಸಿಯಲ್ಲೇ ಶುರು ಮಾಡಿ

ಯಾವ ದೇಶಕ್ಕೆ ಹೋಗುತ್ತೀರಿ ಅನ್ನುವುದು ಆಮೇಲಿನ ಮಾತು. ಕೆಲಸ ಈಗಲೇ ಕಲಿಯಬಹುದು. ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ದಂತ ಕಾಲೇಜೂ ಮೆಡಿಕಲ್ ಕಾಲೇಜೂ ಒಂದೇ ಆವರಣದಲ್ಲಿವೆ. ಹುಬ್ಬಳ್ಳಿಯಲ್ಲಿ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಇದೆ, 1957ರಿಂದ ನಡೆಯುತ್ತಿರುವ ಸರ್ಕಾರಿ ಕಾಲೇಜು. ಸತ್ತೂರಿನಿಂದ ಚಿಗರಿ ಬಸ್ ಹತ್ತಿದರೆ ವಿದ್ಯಾನಗರ ಎಷ್ಟು ದೂರ? ನಿಮ್ಮ ವಿಭಾಗದ ಮುಖ್ಯಸ್ಥರಿಂದ ಪತ್ರ ತೆಗೆದುಕೊಂಡು, ಅನಸ್ತೇಶಿಯಾ ವಿಭಾಗದಲ್ಲಿ ನಿಂತು ನೋಡಲು ಅನುಮತಿ ಕೇಳಿ. ಕೇಳಿದರೆ ಬೈಯುವವರು ಕಡಿಮೆ. ಬೆಳಿಗ್ಗೆ ಏಳೂವರೆಗೆ ಬಂದು ನಿಂತವರಿಗೆ ನಾನಂತೂ ಕಲಿಸದೆ ಬಿಟ್ಟಿಲ್ಲ. ಹತ್ತು ಗಂಟೆಗೆ ಬಂದರೆ ಮೊದಲ ಕೇಸ್‌ನ ಮುಖ್ಯ ಭಾಗ ಮುಗಿದಿರುತ್ತದೆ.

ಅಲ್ಲಿ ಏನು ನೋಡಬೇಕು? ಹೆಚ್ಚಿನವರು ಔಷಧಿಯ ಹೆಸರು ಬರೆದುಕೊಳ್ಳುತ್ತಾರೆ. ಪ್ರೊಪೊಫಾಲ್ ಎಷ್ಟು, ಮಿಡಜೋಲಾಮ್ ಎಷ್ಟು ಅಂತ. ಅದು ಪುಸ್ತಕದಲ್ಲಿದೆ. ನೀವು ಉಸಿರನ್ನು ನೋಡಿ. ಮಗುವಿನ ಎದೆ ಏಳುತ್ತಿದೆಯಾ, ಹೊಟ್ಟೆ ಮಾತ್ರ ಏಳುತ್ತಿದೆಯಾ? ಗದ್ದ ಮೇಲೆತ್ತಿದರೆ ಗೊರಕೆ ನಿಲ್ಲುತ್ತದೆಯಾ? ಹೊರಬಿಡುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಅಂತ ತೋರಿಸುವ ಕ್ಯಾಪ್ನೋಗ್ರಾಫ್ ಗೆರೆ ಹೇಗಿದೆ? ಪಲ್ಸ್ ಆಕ್ಸಿಮೀಟರ್‌ನಲ್ಲಿ ಸಂಖ್ಯೆ ಇಳಿಯುವ ಹೊತ್ತಿಗೆ ತಡವಾಗಿರುತ್ತದೆ. ಉಸಿರು ನಿಂತದ್ದನ್ನು ಕ್ಯಾಪ್ನೋಗ್ರಾಫ್ ಅದಕ್ಕಿಂತ ಮುಂಚೆ ಹೇಳುತ್ತದೆ. ಮಾಸ್ಕ್ ಹಿಡಿದು ಬ್ಯಾಗ್ ಒತ್ತುವುದು ನೋಡಲು ಸುಲಭ. ಆದರೆ ಎಡಗೈಯ ಎರಡು ಬೆರಳಲ್ಲಿ ಮಾಸ್ಕ್ ಒತ್ತಿ, ಉಳಿದ ಮೂರು ಬೆರಳಲ್ಲಿ ದವಡೆ ಎತ್ತಿ, ಗಾಳಿ ಸೋರದಂತೆ ಹಿಡಿಯಲು ಬರುವವರೆಗೆ ಬೇರೆ ಯಾವುದಕ್ಕೂ ಕೈ ಹಾಕಬೇಡಿ. ನಾನು ಮೊದಲು ಕಲಿಸುವುದೂ ಅದನ್ನೇ.

ಬಾಯಿಯ ಕೇಸ್‌ಗಳಲ್ಲಿ ಟ್ಯೂಬ್ ಹೆಚ್ಚಾಗಿ ಮೂಗಿನಿಂದ ಹೋಗುತ್ತದೆ. ಸರ್ಜನ್‌ಗೆ ಬಾಯಿ ಖಾಲಿ ಬೇಕಲ್ವಾ. ಅದನ್ನು ಹತ್ತಿರದಿಂದ ನೋಡಿ. ಮೊದಲು ಎರಡೂ ಹೊಳ್ಳೆಗೆ ಕ್ಸೈಲೋಮೆಟಜೋಲಿನ್ ಹನಿ ಹಾಕುತ್ತೇವೆ, ರಕ್ತನಾಳ ಕುಗ್ಗಿ ರಕ್ತ ಬರುವುದು ಕಡಿಮೆಯಾಗಲಿ ಅಂತ. ಟ್ಯೂಬನ್ನು ಬೆಚ್ಚಗಿನ ಸಲೈನ್‌ನಲ್ಲಿ ಇಟ್ಟು ಮೆತ್ತಗೆ ಮಾಡುತ್ತೇವೆ. ಜೆಲ್ಲಿ ಹಚ್ಚಿ, ಮೂಗಿನ ತಳ ಹಿಡಿದು ನೇರ ಹಿಂದಕ್ಕೆ ತಳ್ಳಬೇಕು, ಮೇಲಕ್ಕೆ ಅಲ್ಲ. ಹೊಸಬರ ಕೈ ತಾನಾಗಿ ಮೇಲಕ್ಕೇ ಹೋಗುತ್ತದೆ. ಗಂಟಲಲ್ಲಿ ಟ್ಯೂಬಿನ ತುದಿ ಕಂಡಮೇಲೆ ಲ್ಯಾರಿಂಗೋಸ್ಕೋಪ್ (ಗಂಟಲು ನೋಡುವ ದೀಪದ ಉಪಕರಣ) ಹಿಡಿದು, ಮಗಿಲ್ ಫೋರ್ಸೆಪ್ಸ್ ಅನ್ನುವ ಬಾಗಿದ ಇಕ್ಕಳದಿಂದ ತುದಿಯನ್ನು ಶ್ವಾಸನಾಳದ ಬಾಯಿಗೆ ತೋರಿಸುತ್ತೇವೆ. ಆಮೇಲೆ ರಕ್ತ, ನೀರು ಕೆಳಗೆ ಇಳಿಯದಂತೆ ಗಂಟಲಿಗೆ ಒದ್ದೆ ಗಾಜ್ ತುಂಬುತ್ತೇವೆ. ಅದನ್ನು ತುಂಬುವಾಗ ಓಟಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ, ಬೋರ್ಡಿನ ಮೇಲೂ ಬರೆಸುತ್ತೇನೆ. ತೆಗೆದಾಗ ಮತ್ತೆ ಜೋರಾಗಿ ಹೇಳಿ, ಬೋರ್ಡಿನಲ್ಲಿ ಬರೆದದ್ದನ್ನು ಹೊಡೆದು ಹಾಕಿಸುತ್ತೇನೆ. ಗಾಜ್ ಒಳಗೇ ಉಳಿದು ಟ್ಯೂಬ್ ತೆಗೆದರೆ ಉಸಿರೇ ಕಟ್ಟುತ್ತದೆ.

ಕೇಸ್‌ಗೆ ಮುಂಚಿನ ಮಾತುಕತೆಯೂ ಕಲಿಯುವ ವಿದ್ಯೆಯೇ. ಪುಸ್ತಕದಲ್ಲಿ ಹೀಗಿದೆ: ನೀರಿನಂಥ ತಿಳಿ ದ್ರವಕ್ಕೆ 2 ಗಂಟೆ, ತಾಯಿಹಾಲಿಗೆ 4 ಗಂಟೆ, ಲಘು ಊಟಕ್ಕೆ, ಬೇರೆ ಹಾಲಿಗೆ 6 ಗಂಟೆ ಹೊಟ್ಟೆ ಖಾಲಿ ಇರಬೇಕು. ಈಗ ನವಲಗುಂದ ಕಡೆಯ ಒಬ್ಬ ತಾಯಿಯನ್ನು ಕೇಳಿ ನೋಡಿ. "ಏನರ ಕೊಟ್ಟೀರೇನವ್ವಾ ಹುಡುಗಗ?" ಅಂದರೆ "ಏನೂ ಕೊಟ್ಟಿಲ್ರೀ ಡಾಕ್ಟರ್ರ" ಅನ್ನುತ್ತಾರೆ. ಅಲ್ಲಿಗೆ ಬಿಡಬಾರದು. "ಚಾ?" ಅಂತ ಕೇಳಬೇಕು. "ಹಾಂ, ಬರೇ ಒಂದೀಟ ಚಾ ಕುಡಿಸೇನ್ರಿ, ಭಾಳ ಅಳಾಕತ್ತಿದ್ದ. ಅದರಾಗ ಎರಡ ಬಿಸ್ಕೀಟ ಅದ್ದಿ ಕೊಟ್ಟೆ." ಆ ತಾಯಿ ಸುಳ್ಳು ಹೇಳಿಲ್ಲ. ನಮ್ಮ ಕಡೆ ಚಹಾ ಅಂದರೆ ಊಟದ ಲೆಕ್ಕಕ್ಕೆ ಬರುವುದೇ ಇಲ್ಲ. ಆದರೆ ಹಾಲು ಹಾಕಿದ ಚಹಾಕ್ಕೂ ಬಿಸ್ಕತ್ತಿಗೂ 6 ಗಂಟೆ ಕಾಯಲೇಬೇಕು. ಕೇಸ್ ಮುಂದೆ ಹೋಗುತ್ತದೆ. ಸರ್ಜನ್ ಮುಖ ಸಪ್ಪಗಾಗುತ್ತದೆ, ಆಗಲಿ. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದರೆ ಆ ಮಗುವಿನ ಗತಿ ಏನು? ಹಿಂದಿನ ದಿನವೇ ಫೋನ್ ಮಾಡಿ, ಚಹಾ, ಬಿಸ್ಕತ್ತು, ಮಂಡಕ್ಕಿ ಅಂತ ಒಂದೊಂದೇ ಹೆಸರು ಹಿಡಿದು ಹೇಳುವ ರೂಢಿ ಮಾಡಿಕೊಳ್ಳಿ.

ಲೆಕ್ಕವನ್ನೂ ಬಾಯಿಪಾಠ ಮಾಡಿ. ಬಾಯಿ ಜಡ ಮಾಡುವ 2% ಲಿಗ್ನೋಕೇನ್ ಅಂದರೆ ಒಂದು ಮಿಲಿಯಲ್ಲಿ 20 ಮಿಲಿಗ್ರಾಂ. ಮಕ್ಕಳಿಗೆ ಕೆಜಿಗೆ 4.4 ಮಿಲಿಗ್ರಾಂ ದಾಟಬಾರದು. 15 ಕೆಜಿ ಮಗುವಿಗೆ 66 ಮಿಲಿಗ್ರಾಂ, ಅಂದರೆ 3.3 ಮಿಲಿ. ನಾಲ್ಕೂ ಮೂಲೆಗೆ ಇಂಜೆಕ್ಷನ್ ಕೊಡುವ ಅವಸರದಲ್ಲಿ ಇದನ್ನು ದಾಟುವುದು ಬಹಳ ಸುಲಭ. ಮೇಲೆ ಮಬ್ಬು ಬರಿಸುವ ಔಷಧಿಯೂ ಸೇರಿದ್ದರೆ ಇನ್ನೂ ಕಡಿಮೆ ಕೊಡಬೇಕು, ಎರಡೂ ಸೇರಿ ಉಸಿರನ್ನು ಕುಗ್ಗಿಸುತ್ತವೆ. ಮಗುವಿನ ತೂಕವನ್ನು ತಾಯಿಯ ಬಾಯಿಮಾತಿನ ಮೇಲೆ ಬರೆಯಬೇಡಿ. ನೀವೇ ತೂಕ ಮಾಡಿ.

ಅಮೆರಿಕದ ದಾರಿ

ಅಮೆರಿಕದಲ್ಲಿ ಡೆಂಟಲ್ ಅನಸ್ತೇಶಿಯಾಲಜಿಗೆ 2019ರ ಮಾರ್ಚ್‌ನಲ್ಲಿ ಹತ್ತನೇ ದಂತ ಸ್ಪೆಷಾಲಿಟಿ ಅಂತ ಮಾನ್ಯತೆ ಸಿಕ್ಕಿತು. ಅದಕ್ಕೂ ಮುಂಚಿನಿಂದ ತರಬೇತಿ ಇತ್ತು. ಈಗ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾ ಕಲಿಯುವ ತರಬೇತಿ, 36 ತಿಂಗಳು. ಅದರಲ್ಲಿ ಕನಿಷ್ಠ 24 ತಿಂಗಳು ಬರೀ ಅನಸ್ತೇಶಿಯಾ ಕೆಲಸವೇ ಇರಬೇಕು. ಪಿಟ್ಸ್‌ಬರ್ಗ್, ಒಹಾಯೋ ಸ್ಟೇಟ್, ಸ್ಟೋನಿ ಬ್ರೂಕ್ ಹೀಗೆ ಬೆರಳೆಣಿಕೆಯ ಕಡೆ ಮಾತ್ರ ಈ ಕೋರ್ಸ್ ಇದೆ. ಒಂದೊಂದು ಕಡೆ ಕೆಲವೇ ಸೀಟು.

ತರಬೇತಿ ಎಷ್ಟು ಗಟ್ಟಿ ಅಂತ ಅಲ್ಲಿನ ಮಾನದಂಡ ನೋಡಿದರೆ ತಿಳಿಯುತ್ತದೆ. ಮುಗಿಸುವಷ್ಟರಲ್ಲಿ ಒಬ್ಬ ರೆಸಿಡೆಂಟ್ ಆಳವಾದ ಸೆಡೇಶನ್ (ಮಬ್ಬು ಬರಿಸುವುದು) ಅಥವಾ ಜನರಲ್ ಅನಸ್ತೇಶಿಯಾದ (ಪೂರ್ತಿ ಅರಿವಳಿಕೆ) ಕನಿಷ್ಠ 800 ಕೇಸ್ ಮಾಡಿರಬೇಕು. ಅದರಲ್ಲಿ 300 ಟ್ಯೂಬ್ ಹಾಕಿದವು, ಅವುಗಳಲ್ಲೂ 50 ಮೂಗಿನ ಮೂಲಕ. 25 ಕೇಸ್‌ನಲ್ಲಿ ಕಷ್ಟದ ಶ್ವಾಸಮಾರ್ಗಕ್ಕೆ ಬಳಸುವ ವಿಧಾನಗಳು. ಏಳು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳು 125, ವಿಶೇಷ ಅಗತ್ಯ ಇರುವ ರೋಗಿಗಳು 75. ಈ ಪಟ್ಟಿಯನ್ನು ಮೊದಲ ಸಲ ಓದಿದಾಗ ನನಗೆ ಖುಷಿಯಾಯಿತು. ನಮ್ಮ ಓಟಿಗೆ ಬರುವ ಮಕ್ಕಳನ್ನೇ ನೋಡಿ ಬರೆದಂತಿದೆ.

ಇಲ್ಲಿಂದ ಹೋಗುವವರು ಮೊದಲು ತಿಳಿಯಬೇಕಾದದ್ದು ಲೈಸೆನ್ಸಿನ ವಿಷಯ, ಸೀಟಿನದಲ್ಲ. ಅಲ್ಲಿ ಲೈಸೆನ್ಸ್ ಕೊಡುವುದು ಆಯಾ ರಾಜ್ಯದ ಡೆಂಟಲ್ ಬೋರ್ಡ್. ಭಾರತದ ಬಿಡಿಎಸ್ ಒಂದೇ ಇದ್ದರೆ ಹೆಚ್ಚಿನ ರಾಜ್ಯಗಳಲ್ಲಿ ಸಾಲದು. ಅದಕ್ಕೇ ಎಷ್ಟೋ ಜನ ಮೊದಲು ಅಲ್ಲಿ ವಿದೇಶದ ದಂತವೈದ್ಯರಿಗೆಂದೇ ಇರುವ ಅಡ್ವಾನ್ಸ್ಡ್ ಸ್ಟ್ಯಾಂಡಿಂಗ್ ಕೋರ್ಸ್ ಸೇರಿ, ಎರಡು ಮೂರು ವರ್ಷ ಓದಿ, ಅಮೆರಿಕದ ದಂತವೈದ್ಯ ಪದವಿ ಪಡೆದು, ಆಮೇಲೆ ರೆಸಿಡೆನ್ಸಿಗೆ ಅರ್ಜಿ ಹಾಕುತ್ತಾರೆ. ಇದಕ್ಕೆ ತುಂಬಾ ದುಡ್ಡು ಬೇಕು. ಮನೆ ಮಂದಿಯೊಂದಿಗೆ ಕೂತು ಸಾಲದ ಲೆಕ್ಕ ಹಾಕಿದ ಮೇಲೆಯೇ ಮುಂದೆ ಹೆಜ್ಜೆ ಇಡಿ. ಊರಿನ ಹೊಲ ಒತ್ತೆ ಇಟ್ಟು ಹೋಗುವ ಮುಂಚೆ, ಯಾವ ರಾಜ್ಯದಲ್ಲಿ ಕೆಲಸ ಮಾಡುತ್ತೀರೋ ಆ ರಾಜ್ಯದ ನಿಯಮವನ್ನು ಸ್ವತಃ ಓದಿ. ಏಜೆಂಟ್ ಹೇಳಿದ ಮಾತು ಸಾಕು ಅಂತ ಕೂರಬೇಡಿ.

ನೇರ ರೆಸಿಡೆನ್ಸಿಗೂ ವಿದೇಶದಲ್ಲಿ ಓದಿದವರನ್ನು ಕೆಲವು ಕಡೆ ತೆಗೆದುಕೊಳ್ಳುತ್ತಾರೆ, ಕೆಲವು ಕಡೆ ಇಲ್ಲ. ವೀಸಾ ವಿಷಯದಲ್ಲೂ ಹೀಗೆಯೇ. ಒಂದೊಂದು ಕೋರ್ಸ್‌ಗೂ ಮೊದಲೇ ಈಮೇಲ್ ಬರೆದು ಕೇಳಿ. ಕೇಳುವುದು ಎರಡೇ ಪ್ರಶ್ನೆ ಇರಲಿ: ಭಾರತದ ಬಿಡಿಎಸ್ ನಡೆಯುತ್ತದೆಯಾ, ವೀಸಾಕ್ಕೆ ನೀವು ಪ್ರಾಯೋಜಕರಾಗಿ ನಿಲ್ಲುತ್ತೀರಾ? ಉತ್ತರವನ್ನು ಉಳಿಸಿಕೊಳ್ಳಿ. ಸ್ಟೈಪೆಂಡ್ ಇದೆಯಾ, ಫೀಸು ಕಟ್ಟಬೇಕಾ ಅನ್ನುವುದೂ ಒಂದೊಂದು ಕಡೆ ಒಂದೊಂದು ರೀತಿ.

ಪರೀಕ್ಷೆಗಳ ಪೈಕಿ ಐಎನ್‌ಬಿಡಿಇ, ಅಂದರೆ ಅಲ್ಲಿನ ದಂತವೈದ್ಯರ ರಾಷ್ಟ್ರೀಯ ಬೋರ್ಡ್ ಪರೀಕ್ಷೆ, ಮುಖ್ಯ. ಕೆಲವು ಕಡೆ ಎಡಿಎಟಿ ಅನ್ನುವ ಉನ್ನತ ದಂತ ಕೋರ್ಸ್‌ಗಳ ಪ್ರವೇಶ ಪರೀಕ್ಷೆಯ ಅಂಕವನ್ನೂ ನೋಡುತ್ತಾರೆ. ಇಂಗ್ಲಿಷ್‌ಗೆ ಟೋಫೆಲ್. ಅಂಕಪಟ್ಟಿಗಳನ್ನು ಅಲ್ಲಿನ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಬೇಕು. ಇದಕ್ಕೆ ನಿಮ್ಮ ವಿಶ್ವವಿದ್ಯಾಲಯದಿಂದ ಕಾಗದ ಹೊರಡಲು ತಿಂಗಳುಗಳೇ ಹಿಡಿಯಬಹುದು, ಆದ್ದರಿಂದ ಮೊದಲು ಮಾಡುವ ಕೆಲಸ ಇದೇ ಆಗಲಿ. ಅರ್ಜಿ ಪಾಸ್ (PASS) ಅನ್ನುವ ಒಂದೇ ಆನ್‌ಲೈನ್ ವ್ಯವಸ್ಥೆಯ ಮೂಲಕ ಹೋಗುತ್ತದೆ. ಸೀಟು ಹಂಚುವುದು ಮ್ಯಾಚ್‌ನಲ್ಲಿ. ನೀವು ಕಾಲೇಜುಗಳನ್ನು ನಿಮ್ಮ ಇಷ್ಟದ ಕ್ರಮದಲ್ಲಿ ಬರೆಯುತ್ತೀರಿ, ಅವರು ಅಭ್ಯರ್ಥಿಗಳನ್ನು ತಮ್ಮ ಕ್ರಮದಲ್ಲಿ ಬರೆಯುತ್ತಾರೆ, ಎರಡೂ ಹೊಂದಿದ ಕಡೆ ಸೀಟು. ಮುಗಿದ ಮೇಲೆ ಅಮೆರಿಕನ್ ಡೆಂಟಲ್ ಬೋರ್ಡ್ ಆಫ್ ಅನಸ್ತೇಶಿಯಾಲಜಿಯ ಪರೀಕ್ಷೆ ಇದೆ.

ಸಂದರ್ಶನದಲ್ಲಿ ಅಂಕಕ್ಕಿಂತ, ಈ ಕೆಲಸ ಏನೆಂದು ಗೊತ್ತಿದ್ದು ಬಂದಿದ್ದೀರಾ ಅಂತ ನೋಡುತ್ತಾರೆ. ಅದಕ್ಕೇ ಹೌಸ್ ಸರ್ಜನ್ಸಿಯ ಮಾತು ಅಷ್ಟು ಉದ್ದಕ್ಕೆ ಹೇಳಿದೆ. ಅರ್ಜಿಯ ಜೊತೆಗಿನ ಬರಹದಲ್ಲಿ "ಚಿಕ್ಕಂದಿನಿಂದ ಜನಸೇವೆಯ ಕನಸು" ಅಂತ ಬರೆದದ್ದನ್ನು ಒಬ್ಬ ಹುಡುಗಿ ನನಗೆ ತಂದು ತೋರಿಸಿದಳು. ಅದನ್ನು ತೆಗೆಸಿ, ಬಾಯಿ ತೆರೆಯದ ಒಬ್ಬ ರೋಗಿಗೆ ಟ್ಯೂಬ್ ಹಾಕುವಾಗ ಅವಳು ಏನು ಕಂಡಳೋ ಅದನ್ನು ಬರೆಸಿದೆ. ಗುಟ್ಕಾ ಬಾಯಿ ಅಲ್ಲಿನವರಿಗೆ ಅಪರೂಪ. ನಿಮಗೆ ದಿನನಿತ್ಯದ್ದು. ಶಿಫಾರಸು ಪತ್ರಗಳಲ್ಲಿ ಒಂದಾದರೂ ನೀವು ಜೊತೆಗೆ ನಿಂತ ಅನಸ್ತೇಶಿಯಾ ವೈದ್ಯರದ್ದು ಇರಲಿ.

ಬೇರೆ ದೇಶಗಳ ಬಗ್ಗೆ ಚುಟುಕಾಗಿ. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷದ ಕೋರ್ಸ್ ಇದೆ. ಜಪಾನ್‌ನಲ್ಲಿ ಡೆಂಟಲ್ ಅನಸ್ತೇಶಿಯಾ ಬಹಳ ಬೆಳೆದಿದೆ, ಆದರೆ ಜಪಾನಿ ಭಾಷೆ ಬರದೆ ರೋಗಿಯ ಹತ್ತಿರ ಹೋಗಲಾಗದು. ಇಂಗ್ಲೆಂಡಿನಲ್ಲಿ 2001ರ ಕೊನೆಯಿಂದ ಹಲ್ಲಿನ ಕೆಲಸಕ್ಕೆ ಜನರಲ್ ಅನಸ್ತೇಶಿಯಾ ಆಸ್ಪತ್ರೆಯಲ್ಲೇ ಕೊಡಬೇಕು. ಅಲ್ಲಿ ದಂತವೈದ್ಯರ ಪಾಲಿಗೆ ಇರುವುದು ಸೆಡೇಶನ್.

ಊರಲ್ಲೇ ಇರುತ್ತೇನೆ ಅನ್ನುವವರಿಗೆ

ಎಲ್ಲರಿಗೂ ಹೊರಗೆ ಹೋಗಲು ಆಗುವುದಿಲ್ಲ. ಅಪ್ಪ ಅವ್ವ ಇರುತ್ತಾರೆ, ದುಡ್ಡಿನ ತೊಂದರೆ ಇರುತ್ತದೆ. ಇಲ್ಲಿದ್ದುಕೊಂಡೇ ಈ ಕೆಲಸಕ್ಕೆ ಹತ್ತಿರ ಇರಬೇಕೆಂದರೆ ನೀಟ್ ಎಂಡಿಎಸ್ ಬರೆದು ಎರಡರಲ್ಲಿ ಒಂದು ಹಿಡಿಯಿರಿ. ಬಾಯಿ-ದವಡೆ ಶಸ್ತ್ರಚಿಕಿತ್ಸೆಯಲ್ಲಿ ಅನಸ್ತೇಶಿಯಾ ವಿಭಾಗಕ್ಕೆ ಪೋಸ್ಟಿಂಗ್ ಇರುತ್ತದೆ, ಟ್ಯೂಬ್ ಹಾಕುವುದನ್ನು ಕೈಯಾರೆ ಕಲಿಯಬಹುದು. ಎಷ್ಟೋ ಜನ ಆ ಪೋಸ್ಟಿಂಗನ್ನು ರಜೆ ಅಂದುಕೊಳ್ಳುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಮಕ್ಕಳ ದಂತವೈದ್ಯದಲ್ಲಿ ನಗೆ ಅನಿಲದ ಸೆಡೇಶನ್ ಕಲಿಯಬಹುದು. ಮಗು ಎಚ್ಚರ ಇರುತ್ತದೆ, ಮಾತಾಡುತ್ತದೆ, ಹೆದರಿಕೆ ಮಾತ್ರ ಕಡಿಮೆಯಾಗುತ್ತದೆ. ಈಗಿನ ಯಂತ್ರಗಳು 30% ಆಮ್ಲಜನಕಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ. ಕೆಲಸ ಮುಗಿದ ಮೇಲೆ ಕೆಲವು ನಿಮಿಷ ಬರೀ ಆಮ್ಲಜನಕ ಕೊಟ್ಟು ಮಗುವನ್ನು ಕುರ್ಚಿಯಿಂದ ಇಳಿಸಬೇಕು. ನನ್ನನ್ನು ಕೇಳಿದರೆ ನಮ್ಮ ಜಿಲ್ಲೆಗಳಿಗೆ ಈಗ ಹೆಚ್ಚು ಬೇಕಿರುವುದು ಇಂಥ ಮಕ್ಕಳ ದಂತವೈದ್ಯರು, ಅದರಲ್ಲೂ ಗದಗ, ಹಾವೇರಿಯಲ್ಲಿ.

ಪೂರ್ತಿ ಅರಿವಳಿಕೆಯೇ ನಿಮ್ಮ ಜೀವ ಅಂತಿದ್ದರೆ, ಇನ್ನೂ ವಯಸ್ಸು ಚಿಕ್ಕದಿದ್ದರೆ, ನೀಟ್ ಬರೆದು ಎಂಬಿಬಿಎಸ್ ಸೇರುವ ದಾರಿ ಉಂಟು. ನೀಟ್‌ಗೆ ಈಗ ವಯಸ್ಸಿನ ಮೇಲ್ಮಿತಿ ಇಲ್ಲ. ಆದರೆ ಬಿಡಿಎಸ್ ಓದಿದ್ದಕ್ಕೆ ಒಂದು ವರ್ಷದ ರಿಯಾಯಿತಿಯೂ ಸಿಗುವುದಿಲ್ಲ, ಐದೂವರೆ ವರ್ಷ ಮತ್ತೆ ಮೊದಲಿಂದ. ಅದರ ಮೇಲೆ ಮೂರು ವರ್ಷ ಎಂಡಿ. ಪಿಯುಸಿಯಲ್ಲಿರುವ ತಮ್ಮ, ತಂಗಿ ಇದನ್ನು ಓದುತ್ತಿದ್ದರೆ ಈ ಲೆಕ್ಕವನ್ನು ಈಗಲೇ ಹಾಕಿಕೊಳ್ಳಲಿ.

ಒಂದು ವಿಷಯದಲ್ಲಿ ಮಾತ್ರ ನಾನು ಯಾರ ಮುಲಾಜೂ ನೋಡುವುದಿಲ್ಲ. ಶನಿವಾರ, ಭಾನುವಾರ ಕೂತು ಸೆಡೇಶನ್ ಸರ್ಟಿಫಿಕೇಟ್ ತಂದು ಕ್ಲಿನಿಕ್‌ನಲ್ಲಿ ಮಿಡಜೋಲಾಮ್, ಕೆಟಮಿನ್ ಚುಚ್ಚಲು ಹೊರಡಬೇಡಿ. ಮಬ್ಬಿನ ಮಟ್ಟ ನೀವು ಅಂದುಕೊಂಡ ಕಡೆ ನಿಲ್ಲುವುದಿಲ್ಲ. ಸ್ವಲ್ಪ ಮಬ್ಬು ಅಂತ ಕೊಟ್ಟದ್ದರಿಂದ ಮಗು ಪೂರ್ತಿ ಪ್ರಜ್ಞೆ ತಪ್ಪಬಹುದು, ಗಂಟಲು ಬಿಗಿದು ಉಸಿರು ನಿಲ್ಲಬಹುದು. ಆಗ ಎಬ್ಬಿಸಿ ತರುವ ಕೈ ನಿಮ್ಮದಾಗಿರಬೇಕು. ಒಂದು ಕಡೆ ನನ್ನನ್ನು ಕೇಸ್‌ಗೆ ಕರೆದಿದ್ದರು. ಹೋಗಿ ನೋಡಿದರೆ ಆಕ್ಸಿಜನ್ ಸಿಲಿಂಡರ್ ಖಾಲಿ, ಸಕ್ಷನ್ ಎಳೆಯುತ್ತಿರಲಿಲ್ಲ, ಮಗು ಆಗಲೇ ಕುರ್ಚಿಯ ಮೇಲಿತ್ತು. ಕೇಸ್ ಮಾಡದೆ ವಾಪಸ್ ಬಂದೆ. ಮಗುವಿನ ಅಪ್ಪನಿಗೆ ಕಾರಣವನ್ನೂ ಹೇಳಿ ಬಂದೆ. ನೀವು ಯಾವ ದೇಶದ ಪದವಿ ತಂದರೂ, ಔಷಧಿ ಎಳೆದುಕೊಳ್ಳುವ ಮುಂಚೆ ಆಕ್ಸಿಜನ್, ಸಕ್ಷನ್, ಸರಿಯಾದ ಸೈಜಿನ ಮಾಸ್ಕ್, ಲ್ಯಾರಿಂಗೋಸ್ಕೋಪಿನ ದೀಪ ಇವನ್ನು ನಿಮ್ಮ ಕೈಯಿಂದಲೇ ಪರೀಕ್ಷಿಸಿ. ಬೇರೆಯವರು ನೋಡಿದ್ದೇವೆ ಅಂದರೂ ಇನ್ನೊಮ್ಮೆ ನೋಡಿ.

ಈಗಲೇ ಏನಾದರೂ ಮಾಡಬೇಕು ಅನಿಸಿದ್ದರೆ ಮೊದಲು ಬಿಎಲ್‌ಎಸ್, ಎಸಿಎಲ್‌ಎಸ್ (ಹೃದಯ, ಉಸಿರು ನಿಂತಾಗ ಜೀವ ಉಳಿಸುವ) ತರಬೇತಿಗೆ ಹೆಸರು ಕೊಡಿ. ಬೆಂಗಳೂರಿನಲ್ಲಿ ಸಿಗುತ್ತದೆ. ಮಕ್ಕಳ ಕಡೆ ಒಲವಿದ್ದರೆ ಮಕ್ಕಳಿಗಾಗಿಯೇ ಇರುವ ಪಿಎಎಲ್‌ಎಸ್ ಕೂಡ ಮಾಡಿ. ಆಮೇಲೆ ಒಂದು ನೋಟ್‌ಬುಕ್ ಇಟ್ಟು, ನೋಡಿದ ಪ್ರತಿ ಕೇಸ್‌ಗೆ ಒಂದು ಸಾಲು ಬರೆಯಿರಿ: ವಯಸ್ಸು, ತೂಕ, ಬಾಯಿ ಎಷ್ಟು ಬೆರಳು ತೆರೆಯಿತು, ಟ್ಯೂಬ್ ಬಾಯಿಂದಲೋ ಮೂಗಿಂದಲೋ, ಕಷ್ಟ ಎಲ್ಲಿ ಬಂತು. ರೋಗಿಯ ಹೆಸರು ಬರೆಯಬೇಡಿ. ಪ್ರತಿ ವಾರ ಆ ಪುಸ್ತಕವನ್ನು ನಿಮಗೆ ಕಲಿಸುವ ಅನಸ್ತೇಶಿಯಾ ವೈದ್ಯರಿಗೆ ತೋರಿಸಿ ಸಹಿ ಹಾಕಿಸಿಕೊಳ್ಳಿ.